ನಾಣ್ಯ ಅಡಗಿದ ಕೈಯನ್ನೇ ಮಕ್ಕಳು ನೋಡುತ್ತಾರೆ, ಏನು ಮಾಡಲಿ?

ಗುಬ್ಬಿಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎರಡು ವರ್ಷದಿಂದ ಸಣ್ಣಪುಟ್ಟ ಜಾದೂ ಕಲಿಯುತ್ತಿದ್ದೇನೆ. ಕೈ ಒಂದು ಮಟ್ಟಕ್ಕೆ ಪಳಗಿದೆ. ಹತ್ತು ರೂಪಾಯಿ ನಾಣ್ಯವನ್ನು ಬಲಗೈಯಿಂದ ಎಡಗೈಗೆ ಹಾಕಿದಂತೆ ಮಾಡಿ, ಬಲ ಅಂಗೈಯಲ್ಲೇ ಉಳಿಸಿಕೊಳ್ಳುವ ಆಟವನ್ನು ಕನ್ನಡಿಯ ಮುಂದೆ ನೂರಾರು ಸಲ ಮಾಡಿದ್ದೇನೆ. ಕನ್ನಡಿಯಲ್ಲಿ ನೋಡುವ ನನಗೇ ನಾಣ್ಯ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. (ಹತ್ತು ರೂಪಾಯಿಯ ನಾಣ್ಯವೇ ಏಕೆಂದರೆ ಅದು 27 ಮಿಲಿಮೀಟರ್ ಅಗಲವಿದ್ದು ಹಿಂದಿನ ಬೆಂಚಿಗೂ ಕಾಣುತ್ತದೆ. ಜೊತೆಗೆ ನಮ್ಮ ಕಡೆಯ ಅಂಗಡಿಯವರು ಅದನ್ನು ಇನ್ನೂ ಅನುಮಾನದಿಂದಲೇ ತಿರುಗಿಸಿ ನೋಡುವುದರಿಂದ ನನ್ನ ಡಬ್ಬಿಯಲ್ಲಿ ಅದಕ್ಕೆ ಬರವಿಲ್ಲ.)

ಆದರೆ ಮಕ್ಕಳ ದಿನಾಚರಣೆಯಂದು ನನ್ನ ಮಾನ ಹೋಯಿತು. ನಾನು ಎಡಮುಷ್ಟಿಯನ್ನು ಬಿಚ್ಚುವುದಕ್ಕೂ ಮೊದಲೇ ಎರಡನೇ ಸಾಲಿನಲ್ಲಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಬಲಗೈಲಿದೆ" ಎಂದು ಶಾಂತವಾಗಿ ಹೇಳಿಬಿಟ್ಟಳು. ಕೂಗಿದ್ದರೂ ಬೇಸರವಾಗುತ್ತಿರಲಿಲ್ಲ, ಲೆಕ್ಕದ ಉತ್ತರ ಹೇಳಿದಂತೆ ಹೇಳಿದಳು. ವಿಚಿತ್ರವೆಂದರೆ, ನಾನು "ಎಡಗೈ ನೋಡಿ, ಎಡಗೈಯನ್ನೇ ನೋಡುತ್ತಿರಿ" ಎಂದು ಎರಡು ಸಲ ಹೇಳಿದ್ದೆ. ಅಷ್ಟು ಹೇಳಿದರೂ ಗಮನ ಬಲಗೈಗೆ ಹೋಗುವುದು ಏಕೆ? ಪ್ರೇಕ್ಷಕರ ಗಮನವನ್ನು ಬೇಕಾದ ಕಡೆಗೆ ನಡೆಸುವುದನ್ನು ಅಭ್ಯಾಸದಿಂದ ಕಲಿಯಲು ಸಾಧ್ಯವೇ, ಅಥವಾ ಅದು ಹುಟ್ಟಿನಿಂದಲೇ ಬರಬೇಕೇ? ತಿಳಿದವರು ದಯವಿಟ್ಟು ತಿಳಿಸಿ.

ಬಿ.ಎಚ್. ರಸ್ತೆ

"ಎಡಗೈಯನ್ನೇ ನೋಡಿ" ಎಂದು ಮೇಷ್ಟ್ರು ಹೇಳಿದರೆ ಎಂಟನೇ ತರಗತಿಯವರು ಎಲ್ಲಿ ನೋಡುತ್ತಾರೆ ಎಂಬುದು ಮೇಷ್ಟ್ರಿಗೇ ಗೊತ್ತಿರಬೇಕಲ್ಲವೇ?

ಕೋಲಾರದ ಕೈಚಳಕ

ಮೇಷ್ಟ್ರೇ, ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ. ನಾಣ್ಯವನ್ನು ಎಡಗೈಗೆ ಹಾಕಿದಂತೆ ಮಾಡಿದ ಕ್ಷಣದಲ್ಲಿ ನಿಮ್ಮ ಕಣ್ಣು ಎಲ್ಲಿತ್ತು?

ನಾನು ಹದಿನೈದು ವರ್ಷದಿಂದ ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ಕಲ್ಯಾಣ ಮಂಟಪಗಳಲ್ಲಿಯೂ ಹುಟ್ಟುಹಬ್ಬಗಳಲ್ಲಿಯೂ ಜಾದೂ ಮಾಡುತ್ತಾ ಬಂದಿದ್ದೇನೆ. ಹೊಸಬರು ಸಿಕ್ಕಿಬೀಳುವುದು ಬಹುತೇಕ ಕಣ್ಣಿನಿಂದ, ಕೈಯಿಂದ ಅಲ್ಲ. ಬಾಯಿ "ಎಡಗೈ" ಎನ್ನುತ್ತಿರುತ್ತದೆ. ಕಣ್ಣು ಮಾತ್ರ ನಾಣ್ಯ ಬಿದ್ದುಹೋಗುತ್ತದೋ ಎಂಬ ಭಯದಿಂದ ಬಲಗೈಗೆ ಒಮ್ಮೆ ಹೋಗಿ ಬರುತ್ತದೆ. ಆ ಅರೆಕ್ಷಣ ಸಾಕು. ಮಾತನ್ನು ನಂಬದಿದ್ದರೂ ಕಣ್ಣನ್ನು ಜನ ನಂಬುತ್ತಾರೆ.

ಕನ್ನಡಿಯ ಅಭ್ಯಾಸದಲ್ಲಿ ಇನ್ನೊಂದು ಮೋಸವಿದೆ. ಗುಟ್ಟಿನ ಕೆಲಸ ನಡೆಯುವ ಕ್ಷಣಕ್ಕೆ ಸರಿಯಾಗಿ ರೆಪ್ಪೆ ಮುಚ್ಚುವ ಚಾಳಿ ಬಹಳ ಜನರಿಗೆ ಅಂಟಿಕೊಳ್ಳುತ್ತದೆ. ತಾನು ಮಾಡುವ ಮೋಸ ತನಗೇ ಕಾಣಬಾರದೆಂದು ರೆಪ್ಪೆ ತಾನಾಗಿ ಬಡಿದುಕೊಳ್ಳುತ್ತದೆ. ಹಾಗಾಗಿ "ನನಗೇ ತಿಳಿಯುವುದಿಲ್ಲ" ಎಂಬ ನಿಮ್ಮ ಮಾತು ನಿಜವೇ, ಆದರೆ ಅದಕ್ಕೆ ಕಾರಣ ನಿಮ್ಮ ಕೈಚಳಕವಲ್ಲದೆಯೂ ಇರಬಹುದು. ಮೊಬೈಲನ್ನು ಎದುರಿಗೆ ನಿಲ್ಲಿಸಿ, ಚಿತ್ರೀಕರಿಸಿ, ಆಮೇಲೆ ಕೈಯನ್ನು ನೋಡದೆ ಮುಖವನ್ನು ಮಾತ್ರ ನೋಡಿ.

ಗುಬ್ಬಿಯ ಮೇಷ್ಟ್ರು

ಆ ದಿನದ ಕಾರ್ಯಕ್ರಮವನ್ನು ಸಹೋದ್ಯೋಗಿಯೊಬ್ಬರು ಚಿತ್ರೀಕರಿಸಿದ್ದರು. ನಾಚಿಕೆಯಿಂದ ಅದನ್ನು ಇದುವರೆಗೂ ತೆರೆದು ನೋಡಿರಲಿಲ್ಲ. ಈಗ ನೋಡಿದೆ.

ತಾವು ಹೇಳಿದ್ದು ಅಕ್ಷರಶಃ ನಿಜ. ಎಡಮುಷ್ಟಿಯನ್ನು ಮುಂದೆ ಚಾಚುತ್ತಾ "ಎಡಗೈ ನೋಡಿ" ಎನ್ನುತ್ತಿದ್ದೇನೆ. ಕಣ್ಣು ಕೆಳಗಿಳಿದು ಬಲಗೈಯನ್ನು ಮುಟ್ಟಿ ವಾಪಸಾಗುತ್ತದೆ. ಒಮ್ಮೆಯಲ್ಲ, ಎರಡು ಸಲ. ಬಲ ಮೊಣಕೈ ಪಕ್ಕೆಗೆ ಅಂಟಿಕೊಂಡಿದೆ, ನಾಲ್ಕು ಬೆರಳುಗಳೂ ಕೋಳಿಮರಿ ಹಿಡಿದವರ ಬೆರಳಿನಂತೆ ಮಡಚಿ ಬಿಗಿಯಾಗಿವೆ. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಬೆಚ್ಚಿಬೀಳಿಸಿದ್ದು ಆ ಹುಡುಗಿ. ಚಿತ್ರದ ಮೂಲೆಯಲ್ಲಿ ಅವಳು ಸ್ಪಷ್ಟವಾಗಿ ಕಾಣುತ್ತಾಳೆ. ಅವಳು ನನ್ನ ಎಡಗೈಯನ್ನೂ ನೋಡುತ್ತಿಲ್ಲ, ಬಲಗೈಯನ್ನೂ ನೋಡುತ್ತಿಲ್ಲ. ನೇರವಾಗಿ ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದಾಳೆ!

ಮನಶ್ಶಾಸ್ತ್ರದ ವಿದ್ಯಾರ್ಥಿನಿ, ತುಮಕೂರು

ಸರ್, ಆ ಹುಡುಗಿ ಮಾಡಿದ್ದನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. 2006ರಲ್ಲಿ ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಸಂಶೋಧಕರು ಚೆಂಡು ಮಾಯವಾಗುವ ಹಳೆಯ ಆಟವನ್ನು ಬಳಸಿಕೊಂಡು ಒಂದು ಪ್ರಯೋಗ ಮಾಡಿದರು. ಜಾದೂಗಾರ ಚೆಂಡನ್ನು ಎರಡು ಸಲ ನಿಜವಾಗಿಯೇ ಮೇಲಕ್ಕೆ ಎಸೆದು ಹಿಡಿಯುತ್ತಾನೆ. ಮೂರನೆಯ ಸಲ ಎಸೆದಂತೆ ಮಾಡಿ ಚೆಂಡನ್ನು ಕೈಯಲ್ಲೇ ಇಟ್ಟುಕೊಳ್ಳುತ್ತಾನೆ. ಇಲ್ಲದ ಚೆಂಡನ್ನು ಹಿಂಬಾಲಿಸುವಂತೆ ಅವನ ಕಣ್ಣು ಮೇಲಕ್ಕೆ ಹೋದಾಗ ನೋಡಿದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರಿಗೆ ಚೆಂಡು ಮೇಲಕ್ಕೆ ಹೋಗಿ ಮಾಯವಾದಂತೆಯೇ ಕಂಡಿತು. ಅದೇ ಆಟದಲ್ಲಿ ಅವನು ತನ್ನ ಕೈಯನ್ನೇ ನೋಡುತ್ತಿದ್ದಾಗ ಹಾಗೆ ಕಂಡದ್ದು ಮೂರನೇ ಒಂದು ಭಾಗದಷ್ಟು ಜನರಿಗೆ ಮಾತ್ರ. ಕೈಯ ಕೆಲಸ ಎರಡರಲ್ಲೂ ಒಂದೇ. ಬದಲಾದದ್ದು ದೃಷ್ಟಿ ಮಾತ್ರ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ನೋಡುವವರ ಕಣ್ಣಿನ ಚಲನೆಯನ್ನು ಯಂತ್ರದಿಂದ ದಾಖಲಿಸಿದಾಗ, ಚೆಂಡು ಮೇಲೆ ಹೋದದ್ದನ್ನು "ಕಂಡವರ" ಕಣ್ಣು ಆ ಜಾಗಕ್ಕೆ ಹೋಗಿಯೇ ಇರಲಿಲ್ಲ. ಅವರು ಜಾದೂಗಾರನ ಮುಖದಿಂದ ಸುಳಿವು ಪಡೆಯುತ್ತಿದ್ದರು. ಈ ಆಟವನ್ನು 1900ರಷ್ಟು ಹಿಂದೆಯೇ ನಾರ್ಮನ್ ಟ್ರಿಪ್ಲೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಶಾಲಾ ಮಕ್ಕಳ ಮುಂದೆ ಮಾಡಿ ನೋಡಿದ್ದ. ಸುಮಾರು ಅರ್ಧದಷ್ಟು ಮಕ್ಕಳು ಎಸೆಯದ ಚೆಂಡು ಮೇಲೆ ಹೋದದ್ದನ್ನು ಕಂಡೆವೆಂದು ಹೇಳಿದ್ದರು. ಎಂಟನೇ ತರಗತಿಯ ಮುಂದೆ ಸೋತೆನೆಂದು ತಾವು ಬೇಸರಪಡುವ ಅಗತ್ಯವಿಲ್ಲ.

ಬಿ.ಎಚ್. ರಸ್ತೆ

ಹಾಗಾದರೆ ನಾವು ಇದನ್ನು ಕಣ್ಕಟ್ಟು ಎಂದು ಕರೆಯುವುದೇ ತಪ್ಪಾಯಿತು. ಕಣ್ಣನ್ನು ಯಾರೂ ಕಟ್ಟಿಲ್ಲವಲ್ಲ!

ಮನಶ್ಶಾಸ್ತ್ರದ ವಿದ್ಯಾರ್ಥಿನಿ, ತುಮಕೂರು

ಹೆಸರು ಒಂದಿಷ್ಟು ದಾರಿ ತಪ್ಪಿಸುತ್ತದೆ, ನಿಜ. ಆದರೆ ನಮ್ಮ ಭಾಷೆಯಲ್ಲೇ ಅದಕ್ಕೆ ಪರಿಹಾರವೂ ಇದೆ: ನೋಡುವುದು ಬೇರೆ, ಕಾಣುವುದು ಬೇರೆ. "ನೋಡಿದೆ, ಕಾಣಲಿಲ್ಲ" ಎಂದು ಮನೆಯಲ್ಲಿ ಬೀಗದ ಕೈ ಹುಡುಕುವಾಗ ದಿನಾ ಹೇಳುತ್ತೇವೆ. 2005ರಲ್ಲಿ ಕೂನ್ ಅವರು ಬೆಂಜಮಿನ್ ಟ್ಯಾಟ್ಲರ್ ಜೊತೆಗೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಜಾದೂಗಾರ ಸಿಗರೇಟನ್ನು ಎಲ್ಲರ ಎದುರಿಗೇ ತೊಡೆಯ ಮೇಲೆ ಬೀಳಿಸುತ್ತಾನೆ. ಮುಚ್ಚುಮರೆ ಏನೂ ಇಲ್ಲ. ಆದರೂ ಮೊದಲ ಸಲ ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಕಾಣಲಿಲ್ಲ; ಕಂಡವರಿಗೂ ಕಾಣದವರಿಗೂ ಆ ಕ್ಷಣದಲ್ಲಿ ಕಣ್ಣು ಎಲ್ಲಿ ನೆಟ್ಟಿತ್ತು ಎಂಬುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡನೆಯ ಸಲ ತೋರಿಸಿದಾಗ ಬಹುತೇಕ ಎಲ್ಲರಿಗೂ ಕಂಡಿತು. ಹಾಗಾಗಿ ಸರ್, ನಡೆಸಬೇಕಾದದ್ದು ಕಣ್ಣನ್ನಲ್ಲ, ಮನಸ್ಸನ್ನು.

ನಿವೃತ್ತ ಪೇದೆ

ಪುಸ್ತಕದ ಮಾತು ಚೆನ್ನಾಗಿದೆ. ನಾನು ಇದನ್ನು ಬಸ್ ನಿಲ್ದಾಣದಲ್ಲಿ ಕಲಿತೆ. ನಮ್ಮ ಠಾಣೆಯ ದೂರುಗಳಲ್ಲಿ "ಗಮನ ಬೇರೆಡೆ ಸೆಳೆದು" ಎಂಬ ಮಾತನ್ನು ಎಷ್ಟು ಸಲ ಬರೆದಿದ್ದೇನೆಯೋ ಲೆಕ್ಕವಿಲ್ಲ. ಬ್ಯಾಂಕಿನಿಂದ ಹೊರಬಂದವರ ಕಾರಿನ ಪಕ್ಕದಲ್ಲಿ ಹತ್ತು ರೂಪಾಯಿಯ ನಾಲ್ಕು ನೋಟು ಚೆಲ್ಲಿ, "ಸ್ವಾಮಿ, ನಿಮ್ಮ ದುಡ್ಡು ಬಿದ್ದಿದೆ" ಎನ್ನುತ್ತಾರೆ. ಅಥವಾ ಅಂಗಿಯ ಮೇಲೆ ಗಲೀಜು ಹಾಕಿ ಒರೆಸಲು ನೀರು ತಂದುಕೊಡುವ ಉಪಕಾರಿಯಾಗಿ ಬರುತ್ತಾರೆ. ಸೀಟಿನ ಮೇಲಿನ ಚೀಲ ಆಗ ಹೋಗುತ್ತದೆ.

ಗಮನಿಸಿ ಮೇಷ್ಟ್ರೇ, ಅವರಲ್ಲಿ ಯಾರೂ "ಚೀಲವನ್ನು ನೋಡಬೇಡಿ" ಎನ್ನುವುದಿಲ್ಲ. ನೋಡಲೇಬೇಕಾದ ಇನ್ನೊಂದು ವಸ್ತುವನ್ನು ನಮ್ಮ ಮುಂದೆ ಇಡುತ್ತಾರೆ. ತಾವು ಮಾಡಿದ್ದು ಅಪ್ಪಣೆ. ಅವರು ಮಾಡುವುದು ಆಮಿಷ. ಆದರೆ ಒಂದು ಮಾತು ಹೇಳಲೇಬೇಕು. ಇಂಥ ವಿದ್ಯೆಯನ್ನು ಮಕ್ಕಳಿಗೆ ಕಲಿಸುವ ಯೋಚನೆ ಇದ್ದರೆ ಎರಡು ಸಲ ಆಲೋಚಿಸಿ.

ಚಿಂತಾಮಣಿ ಅಕ್ಕ

ನಿವೃತ್ತರೇ, ಕತ್ತರಿ ಹಿಡಿಯಲು ಕಲಿತವರೆಲ್ಲ ಜೇಬು ಕತ್ತರಿಸುವುದಿಲ್ಲ. ಜಾದೂ ನೋಡಲು ಬಂದವರು ಮೋಸಹೋಗುವುದಕ್ಕೆಂದೇ ಬಂದಿರುತ್ತಾರೆ. ಬ್ಯಾಂಕಿನಿಂದ ಹೊರಬಂದವರು ಹಾಗಲ್ಲ. ಅಲ್ಲದೆ ಈ ಉಪಾಯವನ್ನು ಶಾಲೆಯಲ್ಲಿ ಒಮ್ಮೆ ಆಟವಾಗಿ ಕಂಡ ಮಗು ಮುಂದೆ ನೋಟು ಚೆಲ್ಲಿದವನ ಕಡೆ ನೋಡುವ ಮೊದಲು ತನ್ನ ಚೀಲವನ್ನು ಮುಟ್ಟಿ ನೋಡಿಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ.

ನಿವೃತ್ತ ಪೇದೆ

ಒಪ್ಪಿದೆ ತಾಯಿ. ಮೂವತ್ತು ವರ್ಷದ ಅನುಮಾನ ಒಂದು ದಿನಕ್ಕೆ ಹೋಗುವುದಿಲ್ಲ.

ಶ್ರೀನಿವಾಸಪುರದ ಮಾವು

ನಮ್ಮೂರಿನ ಹೆಸರಿನಲ್ಲಿ ನಾನೂ ಒಂದು ಮಾತು ಹೇಳುತ್ತೇನೆ. ಮಾವಿನ ಓಟೆಯನ್ನು ಮಣ್ಣಿಗಿಟ್ಟು, ಬಟ್ಟೆ ಮುಚ್ಚಿ, ಕ್ಷಣದಲ್ಲಿ ಗಿಡ ಬೆಳೆಸುವ ಗಾರುಡಿಗರ ಆಟದ ಬಗ್ಗೆ ನನ್ನ ಅಜ್ಜ ಹೇಳುತ್ತಿದ್ದರು. ಬೀದಿಯಲ್ಲಿ, ಸುತ್ತಲೂ ಜನ ನಿಂತಿರುವಾಗ, ಹಗಲು ಬೆಳಕಿನಲ್ಲಿ ಮಾಡುತ್ತಿದ್ದರಂತೆ. ಪಿ.ಸಿ. ಸರ್ಕಾರ್ ಅವರಂತೂ ತಾಜ್‌ಮಹಲನ್ನೇ ಮಾಯ ಮಾಡಿದವರು. ಅಂಥವರ ಮುಂದೆ ನಾಣ್ಯದ ಚರ್ಚೆ ಎಲ್ಲಿಯದು?

ಕೋಲಾರದ ಕೈಚಳಕ

ಸಣ್ಣ ತಿದ್ದುಪಡಿ. ತಾಜ್‌ಮಹಲ್ ಮಾಯ ಮಾಡಿದ ಪ್ರದರ್ಶನ 2000ನೇ ಇಸವಿಯದು, ಅದನ್ನು ಮಾಡಿದವರು ಮಗ, ಪಿ.ಸಿ. ಸರ್ಕಾರ್ ಜೂನಿಯರ್. ತಂದೆ 1971ರಲ್ಲಿ ಜಪಾನಿನಲ್ಲಿ ಪ್ರವಾಸದಲ್ಲಿದ್ದಾಗಲೇ ತೀರಿಕೊಂಡರು.

ಮಾವಿನ ಗಿಡದ ಆಟವನ್ನು ನೆನಪಿಸಿದ್ದು ಮಾತ್ರ ಬಹಳ ಒಳ್ಳೆಯದಾಯಿತು, ಏಕೆಂದರೆ ಮೇಷ್ಟ್ರಿಗೆ ಬೇಕಾದ ಪಾಠ ಅದರಲ್ಲೇ ಇದೆ. ಬಟ್ಟೆ ಮುಚ್ಚಿದ ತಕ್ಷಣ ಗಾರುಡಿಗ ಗಿಡವನ್ನು ತೋರಿಸುವುದಿಲ್ಲ. ನೀರು ಹಾಕುತ್ತಾನೆ, ಬಟ್ಟೆ ಎತ್ತಿ "ಇನ್ನೂ ಏನೂ ಇಲ್ಲ" ಎನ್ನುತ್ತಾನೆ, ಮಧ್ಯೆ ಬೇರೆ ಎರಡು ಆಟ ಆಡುತ್ತಾನೆ. ಜನ ಆ ಆಟದಲ್ಲಿ ಮುಳುಗಿ ನಕ್ಕು ಹಗುರಾದ ಹೊತ್ತಿನಲ್ಲಿ ಬಟ್ಟೆಯ ಕೆಳಗಿನ ಕೆಲಸ ಮುಗಿದಿರುತ್ತದೆ. ಜನರು ಬಟ್ಟೆಯನ್ನು ದಿಟ್ಟಿಸಿ ನೋಡಲು ಆರಂಭಿಸುವ ಹೊತ್ತಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಗಮನದಲ್ಲಿ ಜಾಗ ಮಾತ್ರವಲ್ಲ, ಹೊತ್ತೂ ಮುಖ್ಯ. ಟೋನಿ ಸ್ಲೈಡಿನಿ ಎಂಬ ದೊಡ್ಡ ಜಾದೂಗಾರ (1991ರಲ್ಲಿ ತೀರಿಕೊಂಡರು) ಇದನ್ನು ಮೈಯಿಂದಲೇ ಮಾಡುತ್ತಿದ್ದರು: ಮುಂದಕ್ಕೆ ಬಾಗಿದರೆ ಎದುರಿಗಿದ್ದವನೂ ಬಿಗಿಯಾಗಿ ನೋಡುತ್ತಾನೆ, ಹಿಂದಕ್ಕೆ ಒರಗಿದರೆ ಅವನೂ ಸಡಿಲವಾಗುತ್ತಾನೆ. ಗುಟ್ಟಿನ ಕೆಲಸ ನಡೆಯುವುದು ಆ ಸಡಿಲಿನಲ್ಲಿ.

ಮೇಷ್ಟ್ರೇ, ತಾವು ನಾಣ್ಯವನ್ನು ಉಳಿಸಿಕೊಂಡ ಕ್ಷಣಕ್ಕೆ ಸರಿಯಾಗಿಯೇ "ನೋಡಿ, ನೋಡಿ" ಎಂದು ಎಲ್ಲರನ್ನೂ ಬಿಗಿ ಮಾಡಿದ್ದೀರಿ. ಅಂದರೆ ಕಳ್ಳ ಒಳಗೆ ಹೋಗುವಾಗ ತಾವೇ ನಾಯಿಯನ್ನು ಎಬ್ಬಿಸಿದಿರಿ.

ನಾಟಕದ ಗೀಳು, ತುಮಕೂರು

ಗುಬ್ಬಿಯವರು ಗುಬ್ಬಿಯ ಪಾಠವನ್ನೇ ಮರೆತರೆ ಹೇಗೆ? ವೀರಣ್ಣನವರ ಕಂಪನಿ "ಕುರುಕ್ಷೇತ್ರ" ನಾಟಕದಲ್ಲಿ ರಂಗಕ್ಕೆ ಆನೆ ಕುದುರೆಗಳನ್ನೇ ತಂದಿತ್ತೆಂಬ ಖ್ಯಾತಿ ಎಲ್ಲರಿಗೂ ಗೊತ್ತು. ಕಂಪನಿ ನಾಟಕಗಳಲ್ಲಿ ಅಷ್ಟು ದೊಡ್ಡ ದೃಶ್ಯವನ್ನು ಅಣಿಗೊಳಿಸುತ್ತಿದ್ದುದು ಯಾವಾಗ? ಮುಂದಿನ ಪರದೆ ಇಳಿಬಿಟ್ಟು ಅದರ ಎದುರಿಗೆ ಹಾಸ್ಯದ ಪಾತ್ರಧಾರಿಗಳನ್ನು ಬಿಡುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿರುವಾಗ ಹಿಂದೆ ಅರಮನೆ ಹೋಗಿ ಕಾಡು ಬರುತ್ತಿತ್ತು. ಹಲಗೆ ಎಳೆಯುವ ಸದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹವ್ಯಾಸಿ ನಾಟಕದಲ್ಲಿ ನಮಗೆ ಮೊದಲು ಹೇಳಿಕೊಡುವ ಇನ್ನೊಂದು ಪಾಠವೂ ಇಲ್ಲಿಗೆ ಹೊಂದುತ್ತದೆ. ಮಾತಿಲ್ಲದ ಪಾತ್ರಧಾರಿ ಮಾತನಾಡುತ್ತಿರುವವರನ್ನು ನೋಡುತ್ತಿರಬೇಕು. ಅವನು ಪ್ರೇಕ್ಷಕರ ಕಡೆಗೆ ಒಮ್ಮೆ ಕಣ್ಣು ಹಾಯಿಸಿದರೂ ದೃಶ್ಯ ಅವನದಾಗಿಬಿಡುತ್ತದೆ. ತಮ್ಮ ಎರಡು ಕೈಗಳನ್ನು ಎರಡು ಪಾತ್ರಗಳೆಂದುಕೊಳ್ಳಿ. ಮಾತು ಎಡಗೈಯದು. ಬಲಗೈ ಸುಮ್ಮನೆ ನಿಂತು ಅದನ್ನು ಕೇಳಿಸಿಕೊಳ್ಳಬೇಕು, ಅಷ್ಟೆ.

ಗುಟ್ಟು ಕಾಯುವವ

ಎಲ್ಲರೂ ಇಷ್ಟು ಸಲೀಸಾಗಿ ಗುಟ್ಟುಗಳನ್ನು ಬಹಿರಂಗವಾಗಿ ಬರೆಯುತ್ತಿರುವುದು ನನಗೆ ಸರಿ ಕಾಣುತ್ತಿಲ್ಲ. ನನ್ನ ಗುರುಗಳು ನಾಣ್ಯ ಹಿಡಿಯುವುದನ್ನು ಕಲಿಸುವ ಮೊದಲು ಆಣೆ ಮಾಡಿಸಿಕೊಂಡಿದ್ದರು. ಈ ವಿದ್ಯೆಯಿಂದ ಹೊಟ್ಟೆ ಹೊರೆಯುವವರ ಅನ್ನಕ್ಕೆ ಕಲ್ಲು ಹಾಕಬೇಡಿ.

ಕೋಲಾರದ ಕೈಚಳಕ

ನಾನೂ ಇದರಿಂದಲೇ ಹೊಟ್ಟೆ ಹೊರೆಯುವವನು ಸ್ವಾಮಿ. ಪೆಟ್ಟಿಗೆಯ ಒಳಗಡೆ ಏನಿದೆ ಎಂದು ನಾನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ಎಲ್ಲಿ ನೋಡಬೇಕು, ಯಾವಾಗ ಸಡಿಲ ಬಿಡಬೇಕು ಎಂಬುದು ಗುಟ್ಟಲ್ಲ. ಅದು ಸಂಗೀತದಲ್ಲಿ ತಾಳ ಇದ್ದ ಹಾಗೆ. ತಾಳ ತಿಳಿದ ಮಾತ್ರಕ್ಕೆ ಕಛೇರಿ ಕೆಡುವುದಿಲ್ಲ.

ಗೌರಿಬಿದನೂರಿನ ಓದುಗ

ಗುಟ್ಟು ಕಾಯುವವರಿಗೆ ಒಂದು ಮಾತು. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನೇ ರಚಿಸಿದ್ದರು. ಅಂದಿನಿಂದ ನಮ್ಮ ಭಾಗದ ಶಾಲೆಗಳಲ್ಲಿ ಪವಾಡ ರಹಸ್ಯ ಬಯಲು ಮಾಡುವ ಎಷ್ಟೋ ಕಾರ್ಯಕ್ರಮಗಳು ನಡೆದಿವೆ. ಬರಿಗೈಯಿಂದ ವಿಭೂತಿ ಬರಿಸುವವನ ಬಗ್ಗೆ ಅವುಗಳಲ್ಲಿ ಹೇಳಿಕೊಡುವುದೂ ಇದನ್ನೇ: ಅವನು ಕೈ ಬೀಸುವುದು ಎಲ್ಲರಿಗೂ ಕಾಣುತ್ತದೆ, ಅದಕ್ಕೂ ಮೊದಲು ಆ ಕೈ ಎಲ್ಲಿತ್ತು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಜಾದೂಗಾರ "ಇದು ಜಾದೂ" ಎಂದು ಹೇಳಿಯೇ ಮಾಡುತ್ತಾನೆ. ಹಾಗೆ ಹೇಳದೆ ಮಾಡುವವರಿರುವಾಗ ಜನರಿಗೆ ಇಷ್ಟಾದರೂ ತಿಳಿದಿರಲಿ.

ಗುಟ್ಟು ಕಾಯುವವ

ಪವಾಡದ ವಿಷಯ ಬೇರೆ, ಕಲೆಯ ವಿಷಯ ಬೇರೆ. ಅಲ್ಲಿ ಬಯಲು ಮಾಡುವುದನ್ನು ನಾನೂ ಒಪ್ಪುತ್ತೇನೆ. ಆದರೂ ಸಿಗರೇಟು ತೊಡೆಯ ಮೇಲೆ ಬೀಳುತ್ತದೆ ಎಂದು ಬರೆದದ್ದು ನನಗೆ ಇನ್ನೂ ಚುಚ್ಚುತ್ತಿದೆ.

ಶಿಡ್ಲಘಟ್ಟದ ರೀಲರ್

ನಾನು ಜಾದೂಗಾರನಲ್ಲ, ರೇಷ್ಮೆ ನೂಲು ಬಿಚ್ಚುವವನು. ಓದುತ್ತಾ ಓದುತ್ತಾ ಒಂದು ವಿಷಯ ಹೊಳೆಯಿತು. ಬಲಗೈಯನ್ನು ನೋಡಬೇಡಿ ಎಂದು ಮೇಷ್ಟ್ರಿಗೆ ಎಲ್ಲರೂ ಹೇಳುತ್ತಿದ್ದೀರಿ, ಆದರೆ ನೋಡದೆ ಇರುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದು ಗೂಡಿನ ಎಳೆ ಕಡಿದರೆ ಇನ್ನೊಂದರ ಎಳೆಯನ್ನು ಹುಡುಕಿ, ಓಡುತ್ತಿರುವ ನೂಲಿಗೆ ಸೇರಿಸಬೇಕು. ಆ ಎಳೆ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಬೆರಳಿಗೆ ಗೊತ್ತಾಗುತ್ತದೆ. ಮೊದಲ ವರ್ಷ ನಾನು ಬೆರಳನ್ನೇ ನೋಡುತ್ತಿದ್ದೆ. ದಿನಕ್ಕೆ ಹತ್ತು ಸಲ ಬೆರಳು ಸುಟ್ಟುಕೊಳ್ಳುತ್ತಿದ್ದೆ. ಈಗ ಪಕ್ಕದವರ ಜೊತೆ ಹಿಂದಿನ ದಿನದ ಗೂಡಿನ ದರದ ಬಗ್ಗೆ ಜಗಳವಾಡುತ್ತಲೇ ಎಳೆ ಸೇರಿಸುತ್ತೇನೆ.

ಮೇಷ್ಟ್ರ ಕಣ್ಣು ಬಲಗೈಗೆ ಹೋಗುತ್ತಿರುವುದು ಬಲಗೈಯ ಮೇಲೆ ಅವರಿಗೆ ಇನ್ನೂ ನಂಬಿಕೆ ಬಾರದಿರುವುದರಿಂದ ಇರಬಹುದು. ನಾಣ್ಯವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಬೇರೆ ಕೆಲಸ ಮಾಡಿ ನೋಡಲಿ.

ಕೋಲಾರದ ಕೈಚಳಕ

ಅಣ್ಣ, ನನ್ನ ಗುರುಗಳು ಹೇಳಿದ್ದನ್ನೇ ನೀವು ಹೇಳಿದಿರಿ. ನಾನು ಆರು ತಿಂಗಳು ಬಲ ಅಂಗೈಯಲ್ಲಿ ನಾಣ್ಯ ಇಟ್ಟುಕೊಂಡೇ ಓಡಾಡಿದ್ದೇನೆ. ಬಸ್ಸಿನ ಕಂಬಿ ಹಿಡಿಯುವುದು, ಕಂಡಕ್ಟರಿಗೆ ಚಿಲ್ಲರೆ ಕೊಡುವುದು, ದೋಸೆಯ ತಟ್ಟೆ ಎತ್ತುವುದು, ಎಲ್ಲವೂ ನಾಣ್ಯ ಬೀಳದಂತೆ. ಒಮ್ಮೆ ಅಪ್ಪನ ಸ್ನೇಹಿತರೊಬ್ಬರು ಕೈ ಕುಲುಕಿದಾಗ ಅವರ ಕೈಗೇ ನಾಣ್ಯ ಹೋಯಿತು. ಅವರು ಅದನ್ನು ಆಶೀರ್ವಾದದಂತೆ ಜೇಬಿಗೆ ಹಾಕಿಕೊಂಡರು.

ಇನ್ನೊಂದು ಅಭ್ಯಾಸವನ್ನೂ ಹೇಳುತ್ತೇನೆ. ನಾಣ್ಯವನ್ನು ಹತ್ತು ಸಲ ನಿಜವಾಗಿಯೇ ಎಡಗೈಗೆ ಹಾಕಿ. ಆಗ ತಮ್ಮ ಕಣ್ಣು ಎಲ್ಲಿ ಹೋಗುತ್ತದೆ, ಬಲಗೈ ಬೆರಳುಗಳು ಹೇಗೆ ಬಿಚ್ಚಿಕೊಳ್ಳುತ್ತವೆ, ಹಾಕಿದ ಮೇಲೆ ಬಲಗೈ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಚಿತ್ರೀಕರಿಸಿ. ಹನ್ನೊಂದನೆಯ ಸಲ ಮಾತ್ರ ಉಳಿಸಿಕೊಳ್ಳಿ. ಹತ್ತಕ್ಕೂ ಹನ್ನೊಂದಕ್ಕೂ ವ್ಯತ್ಯಾಸ ಕಂಡರೆ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ. ಡೈ ವರ್ನನ್ ಎಂಬ ಮಹಾನ್ ಜಾದೂಗಾರ ತನ್ನ ಉದ್ದ ಬದುಕಿನುದ್ದಕ್ಕೂ ಒತ್ತಿ ಹೇಳಿದ್ದು ಈ ಸಹಜತೆಯನ್ನೇ.

ಶ್ರೀನಿವಾಸಪುರದ ಮಾವು

ಸಹಜವಾಗಿ ಎಂದು ಹೇಳುವುದು ಸುಲಭ. ನಾಣ್ಯ ಅಡಗಿರುವ ಕೈಯನ್ನು ಆಮೇಲೆ ಏನು ಮಾಡುವುದು? ಸುಮ್ಮನೆ ಜೇಬಿಗೆ ಹಾಕಿದರೆ ನಾನೇ ಹಿಡಿಯುತ್ತೇನೆ, ಇನ್ನು ಮಕ್ಕಳು ಬಿಡುತ್ತಾರೆಯೇ?

ಕೋಲಾರದ ಕೈಚಳಕ

ಕೈಗೆ ಒಂದು ಕಾರಣ ಕೊಡಬೇಕು. ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ವ್ಯಾಪಾರ ನಡೆಯುವುದನ್ನು ನೋಡಿರುತ್ತೀರಿ. ಇಬ್ಬರ ಕೈಗಳೂ ಟವೆಲಿನ ಕೆಳಗೆ. ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ಟವೆಲಿನ ಕೆಳಗೆ ಏನೋ ಮೋಸ ನಡೆಯುತ್ತಿದೆ ಎಂದು ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ಆ ಕೈಗಳು ಅಲ್ಲಿ ಏಕಿವೆ ಎಂಬುದು ಎಲ್ಲರಿಗೂ ಗೊತ್ತು.

ಚಿಕ್ಕವನಿದ್ದಾಗ ನಮ್ಮ ಹಳ್ಳಿಗೆ ಸುಡುಗಾಡು ಸಿದ್ಧರು ಕೈಚಳಕ ತೋರಿಸಲು ಬರುತ್ತಿದ್ದರು. ನನಗೆ ಈ ಹುಚ್ಚು ಹಿಡಿದದ್ದು ಅಲ್ಲಿಂದಲೇ. ಅವರಲ್ಲೊಬ್ಬ ಮುದುಕರು ನೆಲದ ಮೇಲೆ ಕುಳಿತು ಮೂರು ಬಟ್ಟಲು, ಮೂರು ಬಟ್ಟೆಯ ಉಂಡೆ ಇಟ್ಟುಕೊಂಡು ಆಡುತ್ತಿದ್ದರು. ಉಂಡೆ ಮಾಯವಾಗುವ ಮೊದಲು ಪ್ರತಿ ಸಲವೂ ಜೋಳಿಗೆಗೆ ಕೈ ಹಾಕಿ ಒಂದು ಚಿಟಿಕೆ ವಿಭೂತಿ ತೆಗೆದು ಬಟ್ಟಲಿನ ಮೇಲೆ ಉದುರಿಸುತ್ತಿದ್ದರು. ನಾವು ವಿಭೂತಿಯನ್ನೇ ನೋಡುತ್ತಿದ್ದೆವು. ಕೊನೆಗೆ ಬಟ್ಟಲು ಎತ್ತಿದರೆ ಉಂಡೆಯ ಜಾಗದಲ್ಲಿ ದೊಡ್ಡ ನಿಂಬೆಹಣ್ಣು! ಆ ಕೈ ಜೋಳಿಗೆಯಿಂದ ವಿಭೂತಿಯೊಂದನ್ನೇ ತರುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಸುತ್ತಲೂ ಜನ, ಮೇಲಿನಿಂದ ಬಗ್ಗಿ ನೋಡುವ ಮಕ್ಕಳು, ಮೇಜಿಲ್ಲ, ಪರದೆಯಿಲ್ಲ. ಕೇರಳದವರು ಚೆಪ್ಪುಂ ಪಂತುಂ ಎನ್ನುವುದೂ ಇದೇ ಬಟ್ಟಲಿನ ಆಟವನ್ನು.

ಮೇಷ್ಟ್ರಿಗಂತೂ ಕಾರಣವನ್ನು ಹುಡುಕುವ ಶ್ರಮವೇ ಇಲ್ಲ. ಮೇಜಿನ ಮೇಲೆ ಸೀಮೆಸುಣ್ಣದ ಪೆಟ್ಟಿಗೆ ಇದೆಯಲ್ಲ.

ಚಿಂತಾಮಣಿ ಅಕ್ಕ

ಸೀಮೆಸುಣ್ಣದ ಸಲಹೆ ಬಹಳ ಚೆನ್ನಾಗಿದೆ. ನಾನು ಮನೆಪಾಠಕ್ಕೆ ಬರುವ ಮಕ್ಕಳಿಗೆ ಇಂಥ ಆಟ ತೋರಿಸುತ್ತಿರುತ್ತೇನೆ. ನನ್ನ ಅನುಭವದ ಎರಡು ಮಾತು ಸೇರಿಸುತ್ತೇನೆ. ಒಂದು, ಅಪ್ಪಣೆಯ ಬದಲು ಪ್ರಶ್ನೆ ಕೇಳಿ. "ನಿನ್ನ ಹೆಸರೇನು ಪುಟ್ಟಾ?" ಎಂದರೆ ಆ ಮಗು ತಲೆಯೆತ್ತಿ ನಿಮ್ಮ ಮುಖ ನೋಡುತ್ತದೆ, ಉಳಿದವರೆಲ್ಲ ಆ ಮಗುವಿನ ಕಡೆ ತಿರುಗುತ್ತಾರೆ, ಆಗ ಕೈ ಯಾರಿಗೂ ಬೇಡ. ಎರಡು, ಮುಂದೆ ಏನಾಗುತ್ತದೆ ಎಂದು ಮೊದಲೇ ಹೇಳಬೇಡಿ. "ನಾಣ್ಯ ಮಾಯವಾಗುತ್ತದೆ" ಎಂದಿರೋ, ಹುಡುಕಾಟ ಆ ಕ್ಷಣದಿಂದಲೇ ಶುರು.

ಆದರೆ ಪ್ರತಿ ಗುಂಪಿನಲ್ಲೂ ಒಂದು ಮಗು ಇರುತ್ತದೆ; ಅದು ಪ್ರಶ್ನೆಗೂ ಜಗ್ಗುವುದಿಲ್ಲ, ನಗುವುದೂ ಇಲ್ಲ. ಆ ಮಗುವನ್ನು ಮುಂದಕ್ಕೆ ಕರೆದು ಬಟ್ಟೆ ಹಿಡಿಯಲು ಹೇಳುವುದು ನನ್ನ ಉಪಾಯ. ಜವಾಬ್ದಾರಿ ಸಿಕ್ಕ ಕೂಡಲೇ ಅದು ಬಟ್ಟೆಯನ್ನೇ ಕಾಯುತ್ತದೆ.

ನಾಟಕದ ಗೀಳು, ತುಮಕೂರು

ಅದು ಉಪಾಯವಲ್ಲ ಅಕ್ಕ, ಲಂಚ.

ಮನಶ್ಶಾಸ್ತ್ರದ ವಿದ್ಯಾರ್ಥಿನಿ, ತುಮಕೂರು

ಇನ್ನೊಂದು ಪ್ರಯೋಗವನ್ನು ಹೇಳಿ ಮುಗಿಸುತ್ತೇನೆ. ಅಪೊಲೊ ರಾಬಿನ್ಸ್ ಎಂಬ ಅಮೆರಿಕದ ರಂಗ ಪ್ರದರ್ಶಕ ಜೇಬುಗಳ್ಳತನವನ್ನೇ ಕಲೆಯಾಗಿ ತೋರಿಸುವವರು. ಕೈಯನ್ನು ನೇರವಾಗಿ ಎಳೆಯುವುದಕ್ಕಿಂತ ಬಿಲ್ಲಿನಂತೆ ಬಾಗಿಸಿ ತೆಗೆದುಕೊಂಡು ಹೋದರೆ ಜನರ ಗಮನ ಗಟ್ಟಿಯಾಗಿ ಅದರ ಹಿಂದೆ ಹೋಗುತ್ತದೆ ಎಂದು ಅವರು ತಮ್ಮ ಅನುಭವದಿಂದ ಹೇಳುತ್ತಿದ್ದರು. 2011ರಲ್ಲಿ ವಿಜ್ಞಾನಿಗಳು ಅದನ್ನು ಪರೀಕ್ಷಿಸಿದಾಗ ಮಾತು ನಿಜವಾಗಿತ್ತು. ನೇರ ಚಲನೆಯಾದರೆ ಕಣ್ಣು ಅದರ ಕೊನೆಗೆ ಒಮ್ಮೆಲೇ ಜಿಗಿಯುತ್ತದೆ, ಬಾಗಿದ ಚಲನೆಯನ್ನು ಉದ್ದಕ್ಕೂ ಹಿಂಬಾಲಿಸುತ್ತದೆ. ಎಡಮುಷ್ಟಿಯನ್ನು ಕಮಾನಿನಂತೆ ಮೇಲಕ್ಕೆ ಒಯ್ದು ನೋಡಿ ಸರ್.

ಬಿ.ಎಚ್. ರಸ್ತೆ

ಆರತಿ ಎತ್ತುವಾಗ ಎಲ್ಲರ ಕಣ್ಣೂ ತಟ್ಟೆಯ ಜೊತೆಗೇ ಸುತ್ತುವುದು ಏಕೆಂದು ಇವತ್ತು ತಿಳಿಯಿತು.

ಗುಬ್ಬಿಯ ಮೇಷ್ಟ್ರು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮೊದಲ ವಾರ ಬಲ ಅಂಗೈಯಲ್ಲಿ ನಾಣ್ಯ ಇಟ್ಟುಕೊಂಡೇ ಹಾಜರಿ ಹಾಕಿದೆ, ಬಿಸಿಯೂಟದ ಸಾಲು ನಿಲ್ಲಿಸಿದೆ. ಎರಡು ಸಲ ನಾಣ್ಯ ಬಿತ್ತು. ಎರಡನೆಯ ಸಲ ಸಾಂಬಾರಿನ ಬಕೆಟ್ಟಿಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಎರಡನೆಯ ವಾರ ಹತ್ತು ನಿಜ, ಒಂದು ಹುಸಿ. ಮೂರನೆಯ ವಾರದ ಶನಿವಾರ, ಬೆಳಕಿನ ಪ್ರತಿಫಲನದ ಪಾಠ ಮುಗಿದ ಮೇಲೆ ಅದೇ ತರಗತಿಯಲ್ಲಿ ಮಾಡಿದೆ.

ಏನಾಗುತ್ತದೆ ಎಂದು ಹೇಳಲಿಲ್ಲ. ನಾಣ್ಯವನ್ನು ಎಡಗೈಗೆ ಹಾಕಿದಂತೆ ಮಾಡಿ, ಮುಷ್ಟಿಯನ್ನು ಕಮಾನಿನಂತೆ ಎತ್ತಿ, ಅದನ್ನೇ ನೋಡುತ್ತಾ, "ಇದರ ಮೇಲೆ ಎಷ್ಟು ಎಂದು ಬರೆದಿತ್ತು?" ಎಂದು ಕೇಳಿದೆ. ಇಡೀ ತರಗತಿ "ಹತ್ತು" ಎಂದು ಕೂಗಿತು. ಆ ಕೂಗಿನ ಮಧ್ಯೆ ಬಲಗೈ ಸೀಮೆಸುಣ್ಣದ ಪೆಟ್ಟಿಗೆಗೆ ಹೋಗಿ, ನಾಣ್ಯವನ್ನು ಬಿಟ್ಟು, ಒಂದು ಸೀಮೆಸುಣ್ಣದೊಂದಿಗೆ ಹೊರಬಂತು. ಸೀಮೆಸುಣ್ಣದಿಂದ ಮುಷ್ಟಿಯನ್ನು ಮುಟ್ಟಿ, ನಿಧಾನವಾಗಿ ಬೆರಳು ಬಿಚ್ಚಿದೆ. ಅರೆಕ್ಷಣ ಸದ್ದೇ ಇರಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗರು ಮೇಜು ಕುಟ್ಟಿದ ಕುಟ್ಟಿಗೆ ಪಕ್ಕದ ತರಗತಿಯ ಮೇಡಂ ಬಂದು ಇಣುಕಿ ಹೋದರು.

ಆ ಹುಡುಗಿ ಈ ಸಲವೂ ನನ್ನ ಮುಖವನ್ನೇ ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಬೆಲ್ ಆದ ಮೇಲೆ ಮೇಜಿನ ಹತ್ತಿರ ಬಂದು, "ಸಾರ್, ಇನ್ನೊಂದ್ಸಲ ಮಾಡಿ" ಎಂದಳು.

ಗುಟ್ಟು ಕಾಯುವವ

ಮಾಡಲಿಲ್ಲ ತಾನೇ? ಒಂದೇ ಆಟವನ್ನು ಒಂದೇ ಗುಂಪಿನ ಮುಂದೆ ಎರಡು ಸಲ ಮಾಡಬಾರದೆಂಬುದು ಈ ವಿದ್ಯೆಯ ಮೊದಲ ಪಾಠ. ಎರಡನೆಯ ಸಲಕ್ಕೆ ಎಲ್ಲರಿಗೂ ಸಿಗರೇಟು ಕಂಡಿತೆಂದು ಮೇಲೆ ಆ ತಂಗಿಯೂ ಬರೆದಿದ್ದಾರೆ.

ಗುಬ್ಬಿಯ ಮೇಷ್ಟ್ರು

ಮಾಡಿದೆ. ಅವಳು ಸೀಮೆಸುಣ್ಣದ ಪೆಟ್ಟಿಗೆಯ ಮುಚ್ಚಳ ತೆಗೆದು ಹತ್ತು ರೂಪಾಯಿಗಳನ್ನು ನನ್ನ ಕೈಗೆ ಕೊಟ್ಟು ಮನೆಗೆ ಹೋದಳು.